ತಲೆನೋವಿನ ಮಾತ್ರೆ: ಯಾವುದರ ಜೊತೆ ಸೇರಬಾರದು?



ಕಾಫಿ ಕೊಯ್ಲಿನ ದಿನಗಳಲ್ಲಿ ಬಿಸಿಲು, ನಿದ್ದೆಗೇಡು, ಹೊತ್ತು ಮೀರಿದ ಊಟ ಎಲ್ಲ ಸೇರಿ ಅರೆತಲೆನೋವು, ಅಂದರೆ ಮೈಗ್ರೇನ್, ಕೆರಳುತ್ತದೆ. ಬೆಂಗಳೂರಿನ ಸುತ್ತಮುತ್ತ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ವಯಸ್ಕರಲ್ಲಿ ಸುಮಾರು ನಾಲ್ವರಿಗೆ ಒಬ್ಬರು ಈ ನೋವು ಅನುಭವಿಸುತ್ತಾರೆ. ಹೆಂಗಸರಲ್ಲಿ ಇದು ಹೆಚ್ಚು. ನಾವೋ, ಗೋಣಿಕೊಪ್ಪಲು ಪೇಟೆಗೆ ಹೋಗುವವರ ಹತ್ತಿರ "ಒಂದು ತಲೆನೋವಿನ ಮಾತ್ರೆ ತನ್ನಿ" ಅಂತ ಹೇಳಿ ಕಳಿಸುತ್ತೇವೆ. ಬೇರೆ ಏನು ಔಷಧಿ ತಗೊಳ್ತಾ ಇದ್ದೀವಿ ಅಂತ ಅಂಗಡಿಯವರಿಗೆ ಹೇಗೆ ಗೊತ್ತಾಗಬೇಕು?

ಗಮನಿಸಬೇಕಾದ ವಿಷಯಗಳು:

1. ಸ್ಟ್ರಿಪ್ ಮೇಲೆ 'ಎರ್ಗೊಟಮೈನ್' ಇದೆಯೇ ನೋಡಿ. ವ್ಯಾಸೋಗ್ರೇನ್‌ನಲ್ಲಿ ಇದು ಇದೆ. ಇದು ರಕ್ತನಾಳಗಳನ್ನು ಬಿಗಿಯಾಗಿಸುತ್ತದೆ. ಸೋಂಕಿಗೆ ಕೊಡುವ ಎರಿಥ್ರೋಮೈಸಿನ್, ಕ್ಲಾರಿಥ್ರೋಮೈಸಿನ್, ಹುಳುಕಡ್ಡಿಗೆ ಕೊಡುವ ಇಟ್ರಾಕೊನಜೋಲ್, ಎಚ್‌ಐವಿಯ ಕೆಲವು ಮಾತ್ರೆಗಳು ಇದರ ಜೊತೆ ಸೇರಿದರೆ, ಲಿವರ್ ಇದನ್ನು ಕರಗಿಸಲಾರದು. ರಕ್ತದಲ್ಲಿ ಇದರ ಪ್ರಮಾಣ ಏರಿ ಕೈಕಾಲಿನ ರಕ್ತಸಂಚಾರವೇ ನಿಲ್ಲಬಹುದು. ಬೆರಳು ತಣ್ಣಗಾಗಿ, ಜೋಮು ಹಿಡಿದು, ಬಿಳುಪು ಅಥವಾ ನೀಲಿಯಾದರೆ ಮಾತ್ರೆ ನಿಲ್ಲಿಸಿ, ಕೂಡಲೇ ಆಸ್ಪತ್ರೆಗೆ ಹೋಗಿ. ತಡ ಮಾಡಿದರೆ ಬೆರಳು ಕೊಳೆಯುವ ಅಪಾಯವಿದೆ. ಗರ್ಭಿಣಿಯರು ಇದನ್ನು ತಗೊಳ್ಳಲೇಬಾರದು.

2. ಎರ್ಗೊಟಮೈನ್ ತಗೊಂಡ 24 ಗಂಟೆಯೊಳಗೆ ಸುಮಾಟ್ರಿಪ್ಟಾನ್ ಬೇಡ. ಎರಡೂ ರಕ್ತನಾಳ ಬಿಗಿಯುವಂಥವೇ.

3. ಮೈಗ್ರೇನಿನ ಕೆಲವು ಮಾತ್ರೆಗಳಲ್ಲಿ ಪ್ಯಾರಸಿಟಮಾಲ್ ಸೇರಿಸಿರುತ್ತಾರೆ. ಮೇಲಿನಿಂದ ಡೋಲೋ, ಕ್ರೋಸಿನ್ ನುಂಗಿದರೆ ಅದೇ ಔಷಧಿ ಎರಡು ಪಟ್ಟು ಆಗಿ ಲಿವರ್‌ಗೆ ಪೆಟ್ಟು.

4. ನೋವು ಬಾರದಂತೆ ಕೊಡುವ ಪ್ರೊಪ್ರನೊಲಾಲ್ ಆಸ್ತಮಾ ಇರುವವರಿಗೆ ಆಗದು. ಉಸಿರುನಾಳ ಬಿಗಿಯುತ್ತದೆ, ಇನ್‌ಹೇಲರ್ ಸಹ ಸರಿಯಾಗಿ ಕೆಲಸ ಮಾಡದು.

5. ತಲೆನೋವಿಗೆ ಮುಂಚೆ ಕಣ್ಣೆದುರು ಮಿಂಚು, ಅಂಕುಡೊಂಕು ಗೆರೆ ಕಾಣುವವರಿಗೆ ಮಾಲಾ-ಡಿಯಂಥ ಗರ್ಭನಿರೋಧಕ ಗುಳಿಗೆಯಿಂದ ಪಾರ್ಶ್ವವಾಯು ಅಪಾಯ ಹೆಚ್ಚುತ್ತದೆ. ನಾಚಿಕೆ ಬಿಟ್ಟು ಡಾಕ್ಟರ್ ಹತ್ತಿರ ಹೇಳಿ. ಕಾಪರ್-ಟಿಯಂಥ ಬೇರೆ ದಾರಿಗಳಿವೆ.

ಇನ್ನೊಂದು ಮಾತು. ಇಂಥ ಮಾತ್ರೆಗಳನ್ನು ತಿಂಗಳಿಗೆ 10 ದಿನ ಅಥವಾ ಹೆಚ್ಚು ನುಂಗುತ್ತಾ ಹೋದರೆ ಮಾತ್ರೆಯೇ ತಲೆನೋವು ತರುತ್ತದೆ. ಅಷ್ಟು ಬೇಕಾಗುತ್ತಿದ್ದರೆ ಡಾಕ್ಟರನ್ನು ಕಾಣಲೇಬೇಕು.

ಮುಂದಿನ ವಾರದ ಸಭೆಯಲ್ಲಿ ಒಂದು ಕೆಲಸ ಮಾಡೋಣ. ಪ್ರತಿಯೊಬ್ಬರೂ ಉಳಿತಾಯ ಪುಸ್ತಕದ ಕೊನೇ ಪುಟದಲ್ಲಿ ತಾವು ನುಂಗುವ ಎಲ್ಲಾ ಮಾತ್ರೆಗಳ ಹೆಸರು ಬರೆದಿಡಿ. ಓದು ಬಾರದವರಿಗೆ ಪಕ್ಕದವರು ಬರೆದುಕೊಡಿ. ಡಾಕ್ಟರ್ ಹತ್ತಿರ ಹೋಗಲಿ, ಮೆಡಿಕಲ್ ಶಾಪಿಗೆ ಹೋಗಲಿ, ಮೊದಲು ಆ ಪುಟ ತೋರಿಸಿ, ಆಮೇಲೆ ಮಾತ್ರೆ ಕೇಳಿ.