ಉಡುಗೊರೆಯ ಚೀಟಿ, ಋಣದ ಲೆಕ್ಕ

ಡಿಸೆಂಬರ್ ತಿಂಗಳು ಅರ್ಧ ಕಳೆಯುವಷ್ಟರಲ್ಲಿ ಶಿವಮೊಗ್ಗದ ನೆಹರೂ ರಸ್ತೆ, ಗಾಂಧಿ ಬಜಾರುಗಳ ಅಂಗಡಿಗಳಲ್ಲಿ ಕಾಗದದ ನಕ್ಷತ್ರಗಳು ತೂಗಾಡತೊಡಗುತ್ತವೆ. ಕ್ರೈಸ್ತರ ಮನೆಗಳಿಂದ ನೆರೆಹೊರೆಯವರಿಗೆ ಕುಸ್ವಾರ್ ತಿಂಡಿಗಳ ತಟ್ಟೆ ಹೋಗುವುದು ಹಳೆಯ ಸಂಪ್ರದಾಯ. ಈಚಿನ ವರ್ಷಗಳಲ್ಲಿ ಅದರ ಜೊತೆಗೆ ಇನ್ನೊಂದು ಪದ್ಧತಿ ಸೇರಿಕೊಂಡಿದೆ. ಕಚೇರಿ, ಶಾಲೆಯ ಸಿಬ್ಬಂದಿ ಕೊಠಡಿ, ಅಪಾರ್ಟ್‌ಮೆಂಟುಗಳಲ್ಲಿ ಜಾತಿ ಮತಗಳ ಹಂಗಿಲ್ಲದೆ ಜನರು ಚೀಟಿ ಎತ್ತಿ, ಹೆಸರು ಬಂದವರಿಗೆ ಗುಟ್ಟಾಗಿ ಉಡುಗೊರೆ ಕೊಡುತ್ತಾರೆ. ಕೆಲವರು ಇದನ್ನು ‘ಸೀಕ್ರೆಟ್ ಸಾಂಟಾ’ ಎನ್ನುತ್ತಾರೆ, ಕೆಲವರು ‘ಕ್ರಿಸ್ಮಸ್ ಫ್ರೆಂಡ್’ ಎನ್ನುತ್ತಾರೆ. ಇದು ಹುಡುಗಾಟವೆಂದು ತಳ್ಳಿಹಾಕುವ ಹಿರಿಯರೂ ಇದ್ದಾರೆ. ಆದರೆ ಯಾವ ಆಟವೇ ಆಗಲಿ, ಅದರ ನಿಯಮಗಳಲ್ಲಿ ಒಂದು ಸಮಾಜನೀತಿ ಅಡಗಿರುತ್ತದೆ. ನಿಯಮ ಸರಿಯಿದ್ದರೆ ಅಧಿಕಾರಿಯೂ ಅಟೆಂಡರೂ ಒಂದು ಸಂಜೆಯ ಮಟ್ಟಿಗಾದರೂ ಸಮಾನರಾಗುತ್ತಾರೆ. ನಿಯಮ ತಪ್ಪಿದರೆ ಅದೇ ಆಟ ಬಡವನ ಜೇಬಿಗೂ ಮಾನಕ್ಕೂ ಕುತ್ತು ತರುತ್ತದೆ.

ಉಡುಗೊರೆಯ ಜೊತೆಗೆ ಋಣ ಬರುತ್ತದೆಂಬುದು ನಮ್ಮವರಿಗೆ ಹೊಸ ವಿಷಯವಲ್ಲ. ಮದುವೆಯ ಚಪ್ಪರದಲ್ಲಿ ‘ಮುಯ್ಯಿ’ ಬರೆಯುವ ಪುಸ್ತಕವನ್ನು ನೋಡದ ಹಳ್ಳಿಗರು ಯಾರಿದ್ದಾರೆ? ಯಾರು ಎಷ್ಟು ಕೊಟ್ಟರೆಂದು ಅಲ್ಲಿ ದಾಖಲಾಗುತ್ತದೆ. ಅವರ ಮನೆಯ ಮದುವೆಗೆ ಹೋದಾಗ ಅಷ್ಟನ್ನು, ಸಾಧ್ಯವಾದರೆ ಒಂದು ರೂಪಾಯಿ ಹೆಚ್ಚಾಗಿಯೇ, ಹಿಂದಿರುಗಿಸಬೇಕಾಗುತ್ತದೆ. ಬ್ಯಾಂಕುಗಳಿಲ್ಲದ ಕಾಲದಲ್ಲಿ ಇದೊಂದು ಒಳ್ಳೆಯ ಸಾಲವ್ಯವಸ್ಥೆಯೇ ಆಗಿತ್ತು. ಆದರೆ ‘ಮುಯ್ಯಿ ತೀರಿಸುವುದು’ ಎಂಬ ಮಾತಿಗೆ ಕನ್ನಡದಲ್ಲಿ ಸೇಡು ತೀರಿಸಿಕೊಳ್ಳುವುದು ಎಂಬ ಅರ್ಥವೂ ಇದೆಯಲ್ಲವೇ? ಕೊಡುಗೆಯೂ ಹಗೆತನವೂ ಒಂದೇ ಶಬ್ದದಲ್ಲಿ ಕೂಡಿರುವುದು ಆಕಸ್ಮಿಕವಲ್ಲ. ಕೊಟ್ಟದ್ದನ್ನು ಹಿಂದಿರುಗಿಸಲೇಬೇಕೆಂಬ ಒತ್ತಡ ಉಡುಗೊರೆಯ ಒಳಗೇ ಇರುತ್ತದೆಂದು ಫ್ರೆಂಚ್ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ 1925ರಲ್ಲಿ ವಾದಿಸಿದ್ದ. ನಮ್ಮ ಗ್ರಾಮೀಣರು ಅದನ್ನು ಒಂದೇ ಪದದಲ್ಲಿ ಹೇಳಿಬಿಟ್ಟಿದ್ದರು.

ಚೀಟಿ ಎತ್ತುವ ಆಟದ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ. ಕೊಟ್ಟವರು ಯಾರೆಂದು ತಿಳಿಯದಿದ್ದರೆ ಮುಯ್ಯಿ ಬರೆಯುವುದು ಯಾರ ಹೆಸರಿನಲ್ಲಿ? ಆದರೆ ಆಟವನ್ನು ನಡೆಸುವ ಬಗೆಯಲ್ಲಿ ಒಂದು ತೊಡಕಿದೆ. ಎಲ್ಲರ ಹೆಸರನ್ನೂ ಡಬ್ಬಿಗೆ ಹಾಕಿ ಎತ್ತಿದಾಗ ಯಾರಿಗಾದರೂ ಅವರದೇ ಹೆಸರು ಬರುತ್ತದೆ, ಮತ್ತೆ ಎತ್ತಬೇಕಾಗುತ್ತದೆ. ಇದು ದುರದೃಷ್ಟವಲ್ಲ, ಗಣಿತ. ಗುಂಪಿನಲ್ಲಿ ಹತ್ತು ಜನರಿರಲಿ, ನೂರು ಜನರಿರಲಿ, ಕನಿಷ್ಠ ಒಬ್ಬರಿಗೆ ತಮ್ಮದೇ ಚೀಟಿ ಸಿಗುವ ಸಂಭವ ಶೇಕಡಾ 63ರಷ್ಟು ಇರುತ್ತದೆ. ಫ್ರಾನ್ಸಿನ ಮೊಂಮೊರ್ ಎಂಬ ಗಣಿತಜ್ಞ 1708ರಷ್ಟು ಹಿಂದೆಯೇ ಈ ಸಮಸ್ಯೆಯನ್ನು ಎತ್ತಿಕೊಂಡಿದ್ದ. ಪರಿಹಾರವೂ ಸರಳವಾಗಿದೆ. ಆಟದಲ್ಲಿ ಸೇರದ ಒಬ್ಬರು ಚೀಟಿಗಳನ್ನು ಕಲಸಿ, ಬಂದ ಕ್ರಮದಲ್ಲಿಯೇ ವೃತ್ತಾಕಾರವಾಗಿ ಜೋಡಿಸಲಿ. ಪ್ರತಿಯೊಬ್ಬರ ಲಕೋಟೆಯಲ್ಲಿಯೂ ವೃತ್ತದ ಮುಂದಿನವರ ಹೆಸರನ್ನು ಇಡಲಿ. ಆಗ ಯಾರಿಗೂ ತಮ್ಮ ಹೆಸರು ಬರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ನಿಮಗೆ ಕೊಟ್ಟವರಿಗೇ ನೀವು ಕೊಡುವ ಸಂದರ್ಭವೂ ಒದಗುವುದಿಲ್ಲ. ಕೊಡುಗೆ ಮುಂದೆ ಹೋಗುತ್ತದೆಯೇ ಹೊರತು ಹಿಂದೆ ಬರುವುದಿಲ್ಲ.

ಎರಡನೆಯ ನಿಯಮ ಬೆಲೆಯ ಮಿತಿ. ಸೇವೆಯಲ್ಲಿದ್ದಾಗ ಒಂದು ಕಚೇರಿಯಲ್ಲಿ ಕಂಡ ಸಂಗತಿ ಇದು. ಅಲ್ಲಿ ಮಿತಿಯನ್ನು ಯಾರೂ ನಿಗದಿ ಮಾಡಿರಲಿಲ್ಲ. ರವಾನೆ ಗುಮಾಸ್ತರೊಬ್ಬರಿಗೆ ಮೇಲಧಿಕಾರಿಯ ಹೆಸರು ಬಂದಿತ್ತು. ಅವರು ಸಂಬಳದ ಗಣನೀಯ ಭಾಗವನ್ನೇ ಕಳೆದು ಗೋಡೆ ಗಡಿಯಾರವೊಂದನ್ನು ತಂದರು. ಅವರಿಗೆ ಸಿಕ್ಕಿದ್ದು ಒಂದು ಪ್ಲಾಸ್ಟಿಕ್ ಪೆನ್ ಸ್ಟ್ಯಾಂಡ್. ಎಲ್ಲರೂ ನಕ್ಕರು, ಅವರೂ ನಕ್ಕರು. ಆ ನಗು ಎಂಥದೆಂದು ಹೇಳಬೇಕಾಗಿಲ್ಲ. ಸರ್ಕಾರಿ ನೌಕರರ ನಡತೆ ನಿಯಮಗಳಲ್ಲಿ ಉಡುಗೊರೆ ಸ್ವೀಕಾರಕ್ಕೆಂದೇ ಪ್ರತ್ಯೇಕ ನಿಯಮವಿರುವುದು ವಿನಾಕಾರಣವಲ್ಲ. ಕೆಳಗಿನವರು ಮೇಲಿನವರಿಗೆ ಕೊಡುವ ಉಡುಗೊರೆಯಲ್ಲಿ ಪ್ರೀತಿ ಎಷ್ಟು, ಭಯ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಆದ್ದರಿಂದ ನೂರೋ ನೂರೈವತ್ತೋ ರೂಪಾಯಿಯ ಮಿತಿಯನ್ನು ಹಾಕಿ, ಅದನ್ನು ಮೀರಿದವರನ್ನೇ ತಮಾಷೆಗೆ ಗುರಿಮಾಡುವುದು ಒಳ್ಳೆಯದು. ಮಿತಿ ಎಷ್ಟೆಂಬುದನ್ನು ಗುಂಪಿನಲ್ಲಿ ಅತಿ ಕಡಿಮೆ ಸಂಬಳದವರ ಅನುಕೂಲ ನೋಡಿ ಗೊತ್ತುಮಾಡಬೇಕು.

ಅರ್ಥಶಾಸ್ತ್ರ ಓದಿದವರು ಇಲ್ಲಿ ಒಂದು ಆಕ್ಷೇಪ ಎತ್ತಬಹುದು. ಅಮೆರಿಕದ ಜೋಯಲ್ ವಾಲ್ಡ್‌ಫೋಗೆಲ್ 1993ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದ ಪ್ರಕಾರ, ಹಬ್ಬದ ಉಡುಗೊರೆಗಳ ಮೌಲ್ಯದಲ್ಲಿ ಶೇಕಡಾ 10ರಿಂದ ಮೂರನೆಯ ಒಂದು ಭಾಗದವರೆಗೆ ವ್ಯರ್ಥವಾಗುತ್ತದೆ. ನೂರು ರೂಪಾಯಿ ಕೊಟ್ಟು ತಂದ ವಸ್ತು ಪಡೆದವರ ಕಣ್ಣಿಗೆ ಎಪ್ಪತ್ತು ರೂಪಾಯಿಯದಾಗಿ ಕಂಡರೆ, ಉಳಿದ ಮೂವತ್ತು ಯಾರಿಗೂ ದಕ್ಕದ ನಷ್ಟ. ದೂರದ ಬಂಧುಗಳು ಕೊಟ್ಟ ವಸ್ತುಗಳಲ್ಲಿ ನಷ್ಟ ಹೆಚ್ಚು, ಸ್ನೇಹಿತರು ಕೊಟ್ಟವುಗಳಲ್ಲಿ ಕಡಿಮೆ ಎಂಬುದೂ ಅವರಿಗೆ ಕಂಡುಬಂದಿತು. ಮೂರು ವರ್ಷಗಳ ತರುವಾಯ ಅದೇ ನಿಯತಕಾಲಿಕದಲ್ಲಿ ಸಾರಾ ಸಾಲ್ನಿಕ್ ಮತ್ತು ಡೇವಿಡ್ ಹೆಮೆನ್ವೇ ಇದಕ್ಕೆ ಪ್ರತಿಯಾಗಿ ಬರೆದರು. ಅವರ ಸಮೀಕ್ಷೆಯಲ್ಲಿ ಜನರು ತಮಗೆ ಬಂದ ಉಡುಗೊರೆಗಳಿಗೆ ಖರೀದಿಯ ಬೆಲೆಗಿಂತ ಹೆಚ್ಚು ಮೌಲ್ಯ ಕಟ್ಟಿದ್ದರು. ಲೆಕ್ಕದ ಈ ಜಗಳ ಹೇಗೇ ಇರಲಿ, ಒಂದು ಮಾತು ಸ್ಪಷ್ಟ: ನಷ್ಟಕ್ಕೆ ಕಾರಣ ಹಣವಲ್ಲ, ಪಡೆಯುವವರ ಬಗೆಗಿನ ಅಜ್ಞಾನ. ಚೀಟಿ ಎತ್ತಿದ ದಿನಕ್ಕೂ ಉಡುಗೊರೆ ಕೊಡುವ ದಿನಕ್ಕೂ ನಡುವೆ ಹತ್ತು ದಿನಗಳ ಅಂತರವಿದ್ದರೆ ಈ ಅಜ್ಞಾನ ನೀಗುತ್ತದೆ. ಹತ್ತು ವರ್ಷ ಒಂದೇ ಸೂರಿನಡಿ ಕೆಲಸ ಮಾಡಿಯೂ, ಪಕ್ಕದ ಮೇಜಿನವರು ಸಂಜೆ ಏನು ಓದುತ್ತಾರೆ, ಅವರ ತಾಯಿಗೆ ಯಾವ ಕಾಯಿಲೆ ಎಂದು ತಿಳಿಯದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಅದನ್ನು ವಿಚಾರಿಸುವಂತೆ ಮಾಡುವುದೇ ಚೀಟಿಯ ನಿಜವಾದ ಲಾಭ.

ಇದಕ್ಕೆ ವ್ಯತಿರಿಕ್ತವಾದ ಇನ್ನೊಂದು ಆಟ ಅಮೆರಿಕದಿಂದ ಬಂದಿದೆ. ಅದರ ಹೆಸರು ‘ವೈಟ್ ಎಲಿಫೆಂಟ್’, ಅಂದರೆ ಬಿಳಿಯಾನೆ. ಎಲ್ಲರೂ ತಂದ ಪೊಟ್ಟಣಗಳನ್ನು ರಾಶಿ ಹಾಕಿ ಸರದಿಯ ಸಂಖ್ಯೆ ಎತ್ತುತ್ತಾರೆ. ಮೊದಲನೆಯವರು ಒಂದು ಪೊಟ್ಟಣ ಬಿಚ್ಚುತ್ತಾರೆ. ಮುಂದಿನವರು ಹೊಸದನ್ನು ಬಿಚ್ಚಬಹುದು, ಇಲ್ಲವೇ ಬಿಚ್ಚಿದ್ದನ್ನು ಕಿತ್ತುಕೊಳ್ಳಬಹುದು. ಸಯಾಮಿನ ಅರಸರು ತಮಗಾಗದ ಆಸ್ಥಾನಿಕರಿಗೆ ಬಿಳಿ ಆನೆಯನ್ನು ದಯಪಾಲಿಸಿ, ಅದರ ಮೇವಿನ ಖರ್ಚಿನಲ್ಲಿಯೇ ಅವರನ್ನು ದಿವಾಳಿ ಎಬ್ಬಿಸುತ್ತಿದ್ದರೆಂಬ ದಂತಕಥೆಯಿಂದ ಈ ಹೆಸರು ಬಂದಿದೆ.

ಭದ್ರಾವತಿಯಲ್ಲಿ ‘ಬಿಳಿಯಾನೆ’ ಎಂಬ ಪದಕ್ಕೆ ಬೇರೆಯೇ ನೋವಿದೆ. ನಷ್ಟದ ಸಾರ್ವಜನಿಕ ಉದ್ಯಮಗಳನ್ನು ನಮ್ಮ ಪತ್ರಿಕೆಗಳು ಕರೆಯುವುದೇ ಹಾಗೆ. 1923ರಲ್ಲಿ ಉತ್ಪಾದನೆ ಆರಂಭಿಸಿ, ಮುಂದೆ ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದದ್ದು 2023ರ ಜನವರಿಯಲ್ಲಿ, ಸರಿಯಾಗಿ ನೂರು ವರ್ಷ ತುಂಬಿದಾಗ. ಅದೇ ವರ್ಷದ ಆಗಸ್ಟ್‌ನಲ್ಲಿ ಕೆಲಸ ಭಾಗಶಃ ಮರುಚಾಲನೆಗೊಂಡಿತು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯ ಯಂತ್ರಗಳು ಅದಕ್ಕೂ ಮೊದಲೇ, 2015ರ ಸುಮಾರಿಗೆ ಸ್ತಬ್ಧವಾಗಿದ್ದವು. ಕನ್ನಡ, ತಮಿಳು, ತೆಲುಗು, ಮಲಯಾಳ, ಉರ್ದು, ಕೊಂಕಣಿ ಮಾತನಾಡುವ ಮನೆಗಳು ಒಂದೇ ಬೀದಿಯಲ್ಲಿ ಬಾಳಿದ ಊರದು. ಖಾಯಂ ನೌಕರಿಯಿದ್ದವರು, ಗುತ್ತಿಗೆಯ ಕೆಲಸ ಕಳೆದುಕೊಂಡವರು, ಸ್ವಯಂ ನಿವೃತ್ತಿ ಪಡೆದವರು ಒಂದೇ ಹಬ್ಬದ ಚಪ್ಪರದಡಿ ಕೂಡುವಾಗ, ಒಬ್ಬರ ಕೈಯಲ್ಲಿರುವುದನ್ನು ಇನ್ನೊಬ್ಬರು ಕಿತ್ತುಕೊಂಡು ನಗುವ ಆಟ ಎಷ್ಟರಮಟ್ಟಿಗೆ ಹಿತವೆನಿಸೀತು? ಹೊಟ್ಟೆ ತುಂಬಿದವರಿಗೆ ಮಾತ್ರ ಅದು ವಿನೋದ. ಜೊತೆಗೆ ಕೊನೆಯ ಸರದಿಯವರಿಗೆ ಎಲ್ಲ ಆಯ್ಕೆಯೂ, ಮೊದಲಿನವರಿಗೆ ಬರಿಯ ಭಯವೂ ಉಳಿಯುವುದರಿಂದ ಅದು ನ್ಯಾಯದ ಆಟವೂ ಅಲ್ಲ.

ಬಂದ ಉಡುಗೊರೆ ಹಿಡಿಸದಿದ್ದರೆ ಬದಲಾಯಿಸಿಕೊಳ್ಳುವ ಅವಕಾಶವೇ ಬೇಡವೇ? ಬೇಕು, ಅದಕ್ಕೆ ಒಳ್ಳೆಯ ವಿಧಾನವೊಂದಿದೆ. ಎಲ್ಲರೂ ವೃತ್ತಾಕಾರವಾಗಿ ಕುಳಿತು, ತಮಗೆ ಅತ್ಯಂತ ಇಷ್ಟವಾದ ವಸ್ತು ಯಾರ ಕೈಯಲ್ಲಿದೆಯೋ ಅವರತ್ತ ಏಕಕಾಲಕ್ಕೆ ಬೆರಳು ತೋರಬೇಕು. ತನ್ನದೇ ಇಷ್ಟವಾದವರು ತಮ್ಮತ್ತಲೇ ತೋರಿಕೊಳ್ಳಬಹುದು. ಬೆರಳಿನ ಜಾಡು ಹಿಡಿದು ಹೋದರೆ ಎಲ್ಲಿಯಾದರೂ ಒಂದು ಕಡೆ ಅದು ಸುತ್ತಿ ಹೊರಟಲ್ಲಿಗೇ ಬಂದು ಸೇರುತ್ತದೆ. ಆ ಸುತ್ತಿನಲ್ಲಿರುವವರು ವಸ್ತುಗಳನ್ನು ಬದಲಾಯಿಸಿಕೊಂಡು ಆಟದಿಂದ ಹೊರಗೆ ಬರುತ್ತಾರೆ, ಉಳಿದವರು ಮತ್ತೆ ಬೆರಳು ತೋರುತ್ತಾರೆ. ಕೊನೆಗೆ ಯಾರೊಬ್ಬರೂ ತಾವು ತಂದದ್ದಕ್ಕಿಂತ ಕಡಿಮೆ ಇಷ್ಟವಾದದ್ದನ್ನು ಹಿಡಿದು ಮನೆಗೆ ಹೋಗುವುದಿಲ್ಲ. ಡೇವಿಡ್ ಗೇಲ್ ಅವರ ಈ ಉಪಾಯವನ್ನು ಲಾಯ್ಡ್ ಶೇಪ್ಲಿ ಮತ್ತು ಹರ್ಬರ್ಟ್ ಸ್ಕಾರ್ಫ್ 1974ರಲ್ಲಿ ಪ್ರಕಟಿಸಿದರು. ಮೂತ್ರಪಿಂಡ ದಾನಿಗಳ ಹೊಂದಾಣಿಕೆಗೆ ಇದೇ ತತ್ವವನ್ನು ವಿಸ್ತರಿಸಿದವರಲ್ಲಿ ಒಬ್ಬರಾದ ಆಲ್ವಿನ್ ರಾತ್ ಅವರು ಶೇಪ್ಲಿಯವರೊಡನೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡರು. ಕಿತ್ತುಕೊಳ್ಳದೆಯೇ ಎಲ್ಲರೂ ಲಾಭ ಪಡೆಯಬಹುದೆಂಬುದನ್ನು ಮಕ್ಕಳಿಗೆ ತೋರಿಸಿಕೊಡಲು ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು.

ಆಟ ಹೊರಗಿನದಾದರೂ ಅದಕ್ಕೆ ನಮ್ಮ ಮಣ್ಣಿನ ವಾಸನೆ ಕೊಡಬಹುದು. ಹಾಲೆಂಡಿನಲ್ಲಿ ಡಿಸೆಂಬರ್ 5ರ ಸಂಜೆ ಸೇಂಟ್ ನಿಕೊಲಾಸ್ ಹಬ್ಬದ ಉಡುಗೊರೆಯ ಜೊತೆಗೆ ಪಡೆಯುವವರನ್ನು ಛೇಡಿಸುವ ಪದ್ಯವೊಂದನ್ನು ಬರೆದಿಡುವ ವಾಡಿಕೆಯಿದೆ. ಒಗಟುಗಳ ಭಂಡಾರವೇ ಇರುವ ನಮಗೆ ಇದೇನು ಕಷ್ಟ? ಕೊಟ್ಟವರು ಯಾರೆಂದು ಊಹಿಸಲು ಪೊಟ್ಟಣದೊಳಗೆ ಒಂದು ಒಗಟು ಇರಲಿ. ಮಕ್ಕಳಿಗಾಗಿ ಕಥೆಯ ಆಟವೂ ಇದೆ. ಒಬ್ಬರು ಕಥೆ ಹೇಳುತ್ತಾರೆ. ‘ಎಡ’ ಎಂದಾಗ ಪೊಟ್ಟಣಗಳೆಲ್ಲ ಎಡಕ್ಕೆ, ‘ಬಲ’ ಎಂದಾಗ ಬಲಕ್ಕೆ ಸಾಗಬೇಕು. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೊರಟ ಸಾಂಟಾ ದಾರಿ ತಪ್ಪಿ ಎಡಕ್ಕೆ ಬಲಕ್ಕೆ ಅಲೆದ ಕಥೆಯಾದರೆ ಹಿರಿಯರೂ ನಗುತ್ತಾ ಸೇರಿಕೊಂಡಾರು.

‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆ ಸಾಲದ ಕಥೆ ಹೇಳುತ್ತದೆ. ಉಡುಗೊರೆ ಸಾಲವಾಗಬಾರದೆಂದಿದ್ದರೆ ಮೂರು ಕಟ್ಟಳೆಗಳು ಸಾಕು: ಹೆಸರು ಗುಟ್ಟಾಗಿರಲಿ, ಬೆಲೆ ಎಲ್ಲರ ಕೈಗೆಟುಕಲಿ, ಕಸಿಯುವುದರ ಬದಲು ಒಪ್ಪಿ ಬದಲಾಯಿಸಿಕೊಳ್ಳುವಂತಿರಲಿ. ಈ ವರ್ಷದ ಚೀಟಿ ಬರೆಯುವ ಹೊಣೆ ಹೊತ್ತವರು, ಲಕೋಟೆ ಹಂಚುವ ಮೊದಲು ತಮ್ಮ ಕಚೇರಿಯ ಕಸ ಗುಡಿಸುವವರ ಹೆಸರೂ ಕಾವಲುಗಾರರ ಹೆಸರೂ ಆ ವೃತ್ತದಲ್ಲಿ ಸೇರಿದೆಯೇ ಎಂದು ಒಮ್ಮೆ ನೋಡಿಕೊಳ್ಳಲಿ.