ಊರಿನ ಅಳತೆಯ ಕಾರು

1905ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ, ಶಿವನಸಮುದ್ರದ ಜಲಪಾತದಿಂದ ತಂತಿಯ ಮೇಲೆ ಹರಿದುಬಂದ ವಿದ್ಯುಚ್ಛಕ್ತಿಯು ಬೆಂಗಳೂರಿನ ಪೇಟೆಯ ಬೀದಿದೀಪಗಳನ್ನು ಬೆಳಗಿಸಿದಾಗ, ಅದೇ ಶಕ್ತಿಯು ಇದೇ ಬೀದಿಗಳಲ್ಲಿ ಮುಂದೊಮ್ಮೆ ಕಾರನ್ನೂ ನಡೆಸೀತೆಂದು ಊಹಿಸಿದವರು ವಿರಳವಾಗಿದ್ದಿರಬೇಕು. ತೊಂಬತ್ತಾರು ವರ್ಷಗಳ ತರುವಾಯ, 2001ರಲ್ಲಿ, ಈ ಊರಿನಲ್ಲಿಯೇ ನಿರ್ಮಿತವಾದ ‘ರೇವಾ’ ಎಂಬ ಪುಟ್ಟ ವಿದ್ಯುತ್ ಕಾರು ಮಾರಾಟಕ್ಕೆ ಬಂದಿತು.

ವಿದ್ಯುತ್ ಕಾರೆಂಬುದು ನೂತನ ಕಲ್ಪನೆಯೇನಲ್ಲ. ಕಳೆದ ಶತಮಾನದ ಆದಿಯಲ್ಲಿ ಅಮೆರಿಕದ ಡೆಟ್ರಾಯಿಟ್ ಎಲೆಕ್ಟ್ರಿಕ್ ಮೊದಲಾದ ಸಂಸ್ಥೆಗಳು ಅಂಥ ಕಾರುಗಳನ್ನು ಸಾವಿರಗಟ್ಟಲೆ ಮಾರಿದ್ದುವು. ಹ್ಯಾಂಡಲು ತಿರುಗಿಸಿ ಎಂಜಿನನ್ನು ಎಚ್ಚರಗೊಳಿಸುವ ಶ್ರಮವು 1912ರ ಬಳಿಕ ತಪ್ಪಿದ ಮೇಲೆಯೇ ಪೆಟ್ರೋಲು ಕಾರು ಅವುಗಳನ್ನು ಹಿಂದಿಕ್ಕಿತು.

ರೇವಾದ ಹಿಂದಿದ್ದ ಚೇತನ್ ಮೈನಿಯವರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡುತ್ತಿದ್ದಾಗ, 1990ರ ಸೌರಕಾರು ಪಂದ್ಯದಲ್ಲಿ ಸ್ಪರ್ಧಿಸಿದ ವಿದ್ಯಾರ್ಥಿತಂಡದಲ್ಲಿದ್ದವರು. ಬೆಂಗಳೂರಿನ ಮೈನಿ ಸಮೂಹವೂ ಕ್ಯಾಲಿಫೋರ್ನಿಯಾದ ಅಮೆರಿಗಾನ್ ಸಂಸ್ಥೆಯೂ 1994ರಲ್ಲಿ ಕೈಗೂಡಿಸಿ ಆರಂಭಿಸಿದ ಉದ್ಯಮವು ಬೊಮ್ಮಸಂದ್ರದಲ್ಲಿ ನೆಲೆಯೂರಿತು. ಕಾರಿಗಿಟ್ಟದ್ದು ಚೇತನರ ತಾಯಿಯ ಹೆಸರು. ನರ್ಮದಾನದಿಗೂ ಆ ನಾಮಧೇಯವುಂಟು.

ಒಂಬತ್ತಡಿಗಿಂತ ಗಿಡ್ಡದಾದ ಈ ಕಾರಿನಲ್ಲಿ ಮುಂದೆ ಇಬ್ಬರು ದೊಡ್ಡವರಿಗೂ ಹಿಂದೆ ಇಬ್ಬರು ಮಕ್ಕಳಿಗೂ ಎಡೆಯಿತ್ತು. ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ, ಸೀಟಿನಡಿ ಆರು ವೋಲ್ಟಿನ ಎಂಟು ಸೀಸದ ಬ್ಯಾಟರಿಗಳು. ಕ್ಲಚ್ಚಿಲ್ಲ, ಗೇರು ಬದಲಿಸುವ ಗೋಜಿಲ್ಲ. ಬ್ರೇಕನ್ನೊತ್ತಿದಾಗ ಚಲನೆಯ ಒಂದಂಶವು ವಿದ್ಯುತ್ತಾಗಿ ಬ್ಯಾಟರಿಗೆ ಮರಳುತ್ತಿತ್ತು. ಒಮ್ಮೆ ಚಾರ್ಜು ಮಾಡಿದರೆ ಸುಮಾರು 80 ಕಿಲೋಮೀಟರು ಸಾಗುತ್ತಿತ್ತು.

ಹೆದ್ದಾರಿಯ ಪಯಣಿಗನಿಗೆ ಅಲ್ಪವೆನಿಸುವ ಈ ದೂರವು ಹಳೆಯ ಬೆಂಗಳೂರಿಗೆ ಯಥೇಷ್ಟವಾಗಿತ್ತು. 1898ರ ಪ್ಲೇಗಿನ ಬೆನ್ನಿಗೆ ರೂಪುಗೊಂಡ ಬಸವನಗುಡಿ, ಮಲ್ಲೇಶ್ವರಗಳಲ್ಲಾಗಲಿ, ಅವುಗಳಿಗಿಂತ ಮೊದಲೇ ಗೆರೆಯೆಳೆದ ಚಾಮರಾಜಪೇಟೆಯಲ್ಲಾಗಲಿ ವಾಸಿಸುವವನು ಬೆಳಗ್ಗೆ ಕಚೇರಿಗೆ, ಸಂಜೆ ಗಾಂಧಿಬಜಾರಿಗೆ, ರಾತ್ರಿ ನೆಂಟರ ಮನೆಗೆ ಹೋಗಿಬಂದರೂ ಬ್ಯಾಟರಿಯಲ್ಲಿ ಇನ್ನೂ ಮಿಗುತ್ತಿತ್ತು. ಕಾಂಪೌಂಡುಳ್ಳ ಮನೆಯಾದರೆ ಗೀಸರಿಗೆ ಬಳಸುವಂಥ ಹದಿನೈದು ಆಂಪಿಯರಿನ ಪ್ಲಗ್ಗೊಂದೇ ಅದಕ್ಕೆ ಪೆಟ್ರೋಲ್ ಬಂಕಾಗುತ್ತಿತ್ತು. ಎಲ್ಲರೂ ವಾಹನ ಹೊರಗೆ ನಿಲ್ಲಿಸುವ ವಠಾರದ ನಿವಾಸಿಗೆ ಮಾತ್ರ ಈ ಸೌಕರ್ಯವು ದಕ್ಕುವಂತಿರಲಿಲ್ಲ.

2004ರಿಂದ ಲಂಡನ್ನಿನಲ್ಲಿ ‘ಜೀ-ವಿಜ್’ ಎಂಬ ಹೆಸರಿನಲ್ಲಿ ಇದು ಓಡಾಡಿತು. ನಗರಮಧ್ಯವನ್ನು ಪ್ರವೇಶಿಸುವ ವಾಹನಗಳು ತೆರಬೇಕಾದ ದಟ್ಟಣೆಯ ಸುಂಕದಿಂದ ಇದಕ್ಕೆ ವಿನಾಯಿತಿಯಿದ್ದುದೇ ಅಲ್ಲಿನ ಆಕರ್ಷಣೆ. ಆದರೆ ಅಪಘಾತದಲ್ಲಿ ಸವಾರರನ್ನು ಸಾಕಷ್ಟು ರಕ್ಷಿಸದೆಂಬ ಟೀಕೆಯೂ ಅಲ್ಲಿಯೇ, 2007ರಲ್ಲಿ, ಪ್ರಬಲವಾಗಿ ಕೇಳಿಬಂದಿತು; ಅದು ಆಧಾರವಿಲ್ಲದ ಮಾತಾಗಿರಲಿಲ್ಲ. 2009ರಲ್ಲಿ ಲಿಥಿಯಂ ಬ್ಯಾಟರಿಯ ರೇವಾ ಹೊರಬಂದಿತು. ಮರುವರ್ಷ ಮಹೀಂದ್ರ ಸಂಸ್ಥೆಯು ಅರ್ಧಕ್ಕಿಂತ ಹೆಚ್ಚಿನ ಪಾಲನ್ನು ಕೊಂಡಿತು. 2013ರಲ್ಲಿ ‘ಇ2ಒ’ ಅದರ ಸ್ಥಾನಕ್ಕೆ ಬಂದಿತು.

ವೇಗದ, ದೂರದ ಕೊರತೆಯು ರೇವಾಕ್ಕೆ ಅದರ ಕಾಲದ ಬ್ಯಾಟರಿಯಿಂದ ಬಂದದ್ದು. ಊರಿನ ಅಳತೆಯನ್ನರಿತು ಗಾಡಿಯನ್ನು ಕಟ್ಟಿದ ವಿವೇಕವು ಅದರ ಸ್ವಂತದ್ದು. ಹಸಿರು ಸಂಖ್ಯಾಫಲಕದ ಭಾರೀ ಕಾರುಗಳು ಗಾಂಧಿಬಜಾರಿನಲ್ಲಿ ನಿಲ್ಲಲು ಎಡೆಯರಸುತ್ತಿರುವ ಈ ದಿನಗಳಲ್ಲಿ, ಬ್ಯಾಟರಿಯನ್ನು ಹಿಗ್ಗಿಸಿದ ನಾವು ಆ ವಿವೇಕವನ್ನು ಹಿಂದೆಯೇ ಬಿಟ್ಟುಬಂದಿದ್ದೇವೆ.