ಮೇವಿನ ಹೊರೆಯನ್ನು ಹೊಲದಿಂದ ಮನೆಗೆ ಸಾಗಿಸುವ ಕ್ರಮ

ರಾಣೆಬೆನ್ನೂರು ತಾಲ್ಲೂಕಿನ ಐರಣಿಯು ತುಂಗಭದ್ರೆಯ ದಂಡೆಯ ಮೇಲಿರುವ ಹಳೆಯ ಕೋಟೆಯ ಊರು. ಈ ಸೀಮೆಯ ಎರೆಹೊಲಗಳಿಗೆ ಬಂಡಿಯ ದಾರಿ ಎಲ್ಲ ಕಡೆಗಳಲ್ಲಿಯೂ ಇರುವುದಿಲ್ಲ. ಇದ್ದ ಕಡೆಯಲ್ಲಿಯೂ ಮಳೆ ಬಿದ್ದ ಮೇಲೆ ಗಾಲಿಗಳು ಹೂತುಹೋಗುವುವು. ದನಗಳಿಗಾದರೋ ದಿನವೂ ಮೇವು ಬೇಕು. ಆದುದರಿಂದ ಜೋಳ, ಗೋವಿನಜೋಳಗಳ ಹಸಿಮೇವು ಇಂಥ ಹೊಲಗಳಿಂದ ಮನೆಗೆ ಬರುವುದು ತಲೆಹೊರೆಯಾಗಿ, ಅದೂ ಹೆಚ್ಚಾಗಿ ಹೆಂಗಸರ ತಲೆಯ ಮೇಲೆ. ಎತ್ತಿನ ಹೆಗಲು ಬಾತರೆ ಅದೇ ದಿನ ಔಷಧವನ್ನು ಹುಡುಕುವ ಮನೆಯಲ್ಲಿ, ಹೊರೆ ಹೊತ್ತವಳ ಕತ್ತುನೋವನ್ನು ಯಾರೂ ವಿಚಾರಿಸದೆ ಇರುವುದುಂಟು.

ಹಸಿಮೇವಿನ ಹೊರೆಯಲ್ಲಿ ಮೊದಲು ತಿಳಿಯತಕ್ಕ ಸಂಗತಿಯೆಂದರೆ, ಅದರಲ್ಲಿ ಹೆಚ್ಚಿನ ಪಾಲು ನೀರು. ಹೂಬಿಡುವ ಕಾಲದಲ್ಲಿ ಕೊಯ್ದ ಜೋಳದಲ್ಲಿ ನೂರಕ್ಕೆ ಸುಮಾರು 75 ಪಾಲು ನೀರೇ ಇರುವುದು. 40 ಕಿಲೋಗ್ರಾಂ ಹೊರೆಯಲ್ಲಿ ಮೇವಿನ ಸಾರ 10 ಕಿಲೋಗ್ರಾಂ ಮಾತ್ರ. ಉಳಿದ 30 ಕಿಲೋಗ್ರಾಂ ನೀರನ್ನು ಹೊಳೆಯ ದಂಡೆಯಿಂದ ಹೊತ್ತು ತಂದಂತಾಯಿತು. ಕೊಯ್ದ ಮೇವನ್ನು ಹೊಲದಲ್ಲಿಯೇ ತೆಳುವಾಗಿ ಹರಡಿ ಬಾಡಿಸಿದರೆ, ನೀರಿನ ಪಾಲು ನೂರಕ್ಕೆ 65ಕ್ಕೆ ಇಳಿದಾಗ ಅದೇ ಹೊರೆ 29 ಕಿಲೋಗ್ರಾಮಿಗಿಂತ ಕಡಿಮೆಯಾಗುವುದು. 50ಕ್ಕೆ ಇಳಿದಾಗ 20 ಕಿಲೋಗ್ರಾಂ ಮಾತ್ರ ಉಳಿಯುವುದು. ಸಾರವು ಹೆಚ್ಚುಕಡಿಮೆ ಅಷ್ಟೇ ಇರುವುದು. ದಪ್ಪ ದಂಟು ಬೇಗ ಒಣಗದೆ ಇರುವುದರಿಂದ ಇದಕ್ಕೆ ಎರಡು ಮೂರು ದಿನಗಳು ಹಿಡಿಯಬಹುದು. ಆದಕಾರಣ ಈ ದಿನದ ಮೇವನ್ನು ಈ ದಿನವೇ ಕೊಯ್ಯುವ ರೂಢಿಯನ್ನು ಬಿಟ್ಟು, ನಾಡಿದ್ದಿನ ಪಾಲನ್ನು ಇಂದು ಕೊಯ್ದು ಹರಡತಕ್ಕದ್ದು.

ಬಾಡಿದ ಮೇವನ್ನು ತಿಂದ ದನಗಳು ಹೆಚ್ಚು ನೀರು ಕುಡಿಯುವುವು. ಅದರಿಂದ ನಷ್ಟವೇನೂ ಇಲ್ಲ. ದನವು ತಾನೇ ಹೊಳೆಗೆ ನಡೆದು ಹೋಗಬಲ್ಲುದು. ಮೇವು ತೀರ ಒಣಗಿದರೆ ಎಲೆಗಳು ಉದುರಿ ಹೊಲದಲ್ಲಿಯೇ ಉಳಿಯುವುವು. ಮಳೆಗೆ ಸಿಕ್ಕಿದರೆ ಬೂಷ್ಟು ಹಿಡಿಯುವುದು. ಮತ್ತೊಂದು ಎಚ್ಚರಿಕೆ: ಮಳೆಯಿಲ್ಲದೆ ಕುಗ್ಗಿದ ಎಳೆಯ ಜೋಳದಲ್ಲಿ ದನಗಳನ್ನು ಕೊಲ್ಲತಕ್ಕ ವಿಷವಿರುವುದು. ಒಂದು ದಿನ ಬಾಡಿಸಿದ ಮಾತ್ರಕ್ಕೆ ಅದು ಹೋಯಿತೆಂದು ನಂಬತಕ್ಕದ್ದಲ್ಲ. ಅಂಥ ಪೈರನ್ನು ಹೂಬಿಡುವ ಮೊದಲು ಮೇವಿಗೆ ಕೊಯ್ಯಲೇಬಾರದು.

ಹೊರೆಯನ್ನು ಎರಡು ಮಾಡಿ ತರಬಾರದೇಕೆ ಎಂದು ಕೆಲವರು ಕೇಳುವರು. ಎರಡು ಮಾಡಿದರೆ ಹೊಲದಿಂದ ಮನೆಯ ದಾರಿಯನ್ನು ಮೂರು ಸಲ ನಡೆಯಬೇಕಾಗುವುದು. ಹೆಂಗಸರು ಒಂದೇ ಸಲಕ್ಕೆ ಹೊರುವುದು ಮೂಢತನದಿಂದಲ್ಲ, ಈ ಲೆಕ್ಕದಿಂದ. ಆದರೂ ಶರೀರಕ್ಕೆ ಒಂದು ಮಿತಿಯುಂಟು. ಕೀನ್ಯಾ ದೇಶದಲ್ಲಿ ಬಾಲ್ಯದಿಂದಲೂ ಹೊರೆ ಹೊರುವುದಕ್ಕೆ ಒಗ್ಗಿದ ಲುವೋ ಮತ್ತು ಕಿಕುಯು ಹೆಂಗಸರನ್ನು ಪರೀಕ್ಷಿಸಿ 1986ರಲ್ಲಿ ಪ್ರಕಟಿಸಿದ ಶೋಧನೆಯಂತೆ, ಮೈತೂಕದ ಐದರಲ್ಲಿ ಒಂದು ಪಾಲಿನವರೆಗೆ ಹೊತ್ತು ನಡೆದರೆ ಅವರಿಗೆ ಬರಿಗೈ ನಡಿಗೆಗಿಂತ ಹೆಚ್ಚಿನ ಶಕ್ತಿ ವ್ಯಯವಾಗದು. ಅದನ್ನು ಮೀರಿದರೆ ಭಾರದೊಡನೆ ಶ್ರಮವೂ ಏರುವುದು. 45 ಕಿಲೋಗ್ರಾಂ ತೂಗುವ ಹೆಂಗಸಿಗೆ ಆ ಪಾಲು 9 ಕಿಲೋಗ್ರಾಂ ಮಾತ್ರ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿ ಗಂಡಾಳಿಗೆ 55 ಕಿಲೋಗ್ರಾಮನ್ನು ಮೀರಿದ ಭಾರವನ್ನು ಹೊರಿಸಬಾರದೆಂದೂ ಹೆಂಗಸರಿಗೆ ಅದಕ್ಕಿಂತ ಬಹಳ ಕಡಿಮೆ ಇರಬೇಕೆಂದೂ ಶಿಫಾರಸು ಮಾಡಿತು. ಗರ್ಭಿಣಿಯರ ಮತ್ತು ಬಾಣಂತಿಯರ ವಿಷಯದಲ್ಲಿ ಲೆಕ್ಕ ಹಾಕುತ್ತ ಕೂಡದೆ ಹೊರೆಯನ್ನೇ ತಪ್ಪಿಸತಕ್ಕದ್ದು.

ಕಟ್ಟುವಾಗ ದಂಟಿನ ಬುಡಗಳೆಲ್ಲ ಒಂದೇ ಕಡೆಗೆ ಬಂದರೆ ಹೊರೆಯು ಆ ಕಡೆಗೆ ವಾಲುವುದು, ಹೊತ್ತವಳು ದಾರಿಯುದ್ದಕ್ಕೂ ಕತ್ತನ್ನು ಬಿಗಿಹಿಡಿದು ಅದನ್ನು ಸರಿತೂಗಿಸಬೇಕಾಗುವುದು. ಅರ್ಧದಷ್ಟು ಸಿವುಡುಗಳ ಬುಡವನ್ನು ಒಂದು ಕಡೆಗೂ ಉಳಿದವುಗಳ ಬುಡವನ್ನು ಇನ್ನೊಂದು ಕಡೆಗೂ ಇಟ್ಟು, ಎರಡು ಕಡೆ ಹಗ್ಗ ಬಿಗಿಯತಕ್ಕದ್ದು. ಸಿಂಬೆಯು ಅಗಲವಾಗಿಯೂ ಮೆತ್ತಗೂ ಇರಬೇಕು. ಕುರುಬರು ನೇಯ್ದ ಹಳೆಯ ಕಂಬಳಿಯ ತುಂಡು ಇದಕ್ಕೆ ಬಲು ಅನುಕೂಲ.

ನಡಿಗೆಗಿಂತಲೂ ಅಪಾಯಕರವಾದುದು ಹೊರೆಯನ್ನು ನೆಲದಿಂದ ತಲೆಗೆ ಏರಿಸುವುದು ಮತ್ತು ಇಳಿಸುವುದು. ಇನ್ನೊಬ್ಬರ ಕೈಸಹಾಯವಿಲ್ಲದೆ ಹೊರೆ ಎತ್ತಬಾರದು. ದಾರಿಯ ನಡುವೆ ದಣಿದವಳು ಹೊರೆ ಇಳಿಸಿದರೆ ಮತ್ತೆ ಎತ್ತಿಕೊಡುವವರು ಯಾರೂ ಇರುವುದಿಲ್ಲವಾದುದರಿಂದ, ಕಾಲು ನಡುಗುತ್ತಿದ್ದರೂ ಇಳಿಸದೆ ನಡೆದುಬಿಡುವಳು. ಇದಕ್ಕೆ ಹಿರಿಯರು ಕಂಡುಕೊಂಡಿದ್ದ ಉಪಾಯವೇ ಹೊರೆಗಲ್ಲು: ಎರಡು ನಿಲುಗಲ್ಲುಗಳು, ಅವುಗಳ ಮೇಲೊಂದು ಅಡ್ಡಚಪ್ಪಡಿ. ತಮಿಳುನಾಡಿನಲ್ಲಿ ಸುಮೈತಾಂಗಿ ಎಂದು ಕರೆಯುವ ಇಂಥ ಕಲ್ಲನ್ನು, ಗರ್ಭಿಣಿಯಾಗಿ ತೀರಿಕೊಂಡ ಹೆಂಗಸಿನ ಹೆಸರಿನಲ್ಲಿ ನಿಲ್ಲಿಸುವ ಪದ್ಧತಿಯೂ ಇದ್ದಿತು. ರಸ್ತೆ ಅಗಲ ಮಾಡುವಾಗ ಇಂಥ ಕಲ್ಲುಗಳನ್ನು ಕಿತ್ತು ಮೋರಿಗೆ ಹಾಸುವವರಿಗೆ ಅವು ಏಕೆ ನಿಂತಿದ್ದುವೆಂಬುದೇ ತಿಳಿದಿರುವುದಿಲ್ಲ.

ಗ್ರಾಮಮುಖ್ಯಸ್ಥರು ಹೊಲದ ದಾರಿಗಳಲ್ಲಿ ಇವುಗಳನ್ನು ಮತ್ತೆ ನಿಲ್ಲಿಸುವುದಕ್ಕೆ ಹೆಚ್ಚಿನ ವೆಚ್ಚವಿಲ್ಲ. ಚಪ್ಪಡಿಯ ಎತ್ತರವನ್ನು ಕಲ್ಲುಕುಟಿಗನ ಅಳತೆಯಿಂದಲ್ಲ, ಆ ದಾರಿಯಲ್ಲಿ ಹೊರುವ ಹೆಂಗಸರ ಭುಜದ ಮಟ್ಟದಿಂದ ಗೊತ್ತುಮಾಡತಕ್ಕದ್ದು. ಸಾಮಾನ್ಯವಾಗಿ ನಾಲ್ಕಡಿ ಅಥವಾ ಸ್ವಲ್ಪ ಮೇಲೆ. ಕಲ್ಲು ಹೊಲಕ್ಕೂ ಊರಿಗೂ ನಡುವೆ, ಏರು ಮುಗಿಯುವಲ್ಲಿ, ಸಾಧ್ಯವಾದರೆ ಬೇವಿನ ನೆರಳಿನಲ್ಲಿ, ಬಂಡಿಯ ಜಾಡಿನಿಂದ ಸರಿದು ಇರಬೇಕು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುವುದರಿಂದ ಅದರಲ್ಲಿಯೇ ಹೂತ ಕಲ್ಲು ಕೆಲವು ವರ್ಷಗಳಲ್ಲಿ ವಾಲುವುದು. ಕೆಳಗಿನ ಗರಸು ಸಿಗುವವರೆಗೆ ಗುಂಡಿ ತೋಡಿ, ಸುತ್ತಲೂ ಜಲ್ಲಿ ತುಂಬಿ ದಮ್ಮಸು ಹಾಕತಕ್ಕದ್ದು. ಈ ಕೆಲಸವನ್ನು ಸುಗ್ಗಿ ಮುಗಿದ ಮೇಲೆ, ಮೊದಲ ಮಳೆಗೆ ಮುಂಚೆ ಮಾಡುವುದು ಅನುಕೂಲ.